ಕೆಂಪು ಜುಟ್ಟಿನ ಹುಂಜ

ಎಪ್ಪತ್ತೊಂದರ ಸಿಸ್ಕಾ ವ್ಯಾನ್ ಓಪ್‌ಸ್ಟಲ್‌ಗೆ ಡಾಕ್ಟರು ಬದುಕಿದರೆ ಕ್ರಿಸ್‌ಮಸ್‌ವರೆಗೆ ಅಂತ ಗಡುವು ಕೊಟ್ಟಿದ್ದರು. ಅವಳಿಗೆ ಬೇಕಿದ್ದದ್ದು ಸೆಪ್ಟೆಂಬರಿನ ಮೊದಲ ಭಾನುವಾರ ಮಾತ್ರ. ಅವತ್ತು ಬ್ರಬಾಂಟ್ ಸೀಮೆಯ ಅವಳ ಊರಲ್ಲಿ ಕೇರಿಗೊಂದರಂತೆ ಡೇಲಿಯಾ ಹೂವಿನ ಬಂಡಿ ಮೆರವಣಿಗೆ ಹೊರಡುತ್ತದೆ. ನಲವತ್ತು ವರ್ಷ ತನ್ನ ಕೇರಿಗೆ ಹೂ ಬೆಳೆದು ಕೊಟ್ಟವಳು ಅವಳು. ಹಾಳಾದ್ದು ಮೊದಲ ಬಹುಮಾನ ಒಂದು ಸಲವೂ ದಕ್ಕಿರಲಿಲ್ಲ. ಈ ವರ್ಷದ ಬಂಡಿ ಮನೆಯೆತ್ತರದ ಹುಂಜ. ಅದು ಗೆದ್ದದ್ದನ್ನು ಕಣ್ಣಾರೆ ಕಂಡೇ ಹೋಗಬೇಕು ಅನ್ನೋದು ಅವಳ ಹಟ.

ಗಂಡ ಹ್ಯಾರಿಗೆ ಇದು ಚೂರೂ ಹಿಡಿಸದು. ಭಾನುವಾರ ಮೆರೆಸಿದ್ದನ್ನು ಮಂಗಳವಾರ ಕಿತ್ತು ತಿಪ್ಪೆಗೆ ಸುರಿಯೋದು ತಾನೆ, ಇರೋ ನಾಲ್ಕು ದಿನ ಕಾಲು ಚಾಚಿ ಕೂತಿರಬಾರದಾ ಅಂತ ಗೊಣಗುತ್ತಿದ್ದ. ಪಾಪ, ಅವನ ಹೆದರಿಕೆ ಅವನಿಗೆ.

ಮೆರವಣಿಗೆಗೆ ಎರಡೇ ದಿನ ಇದೆ ಅನ್ನುವಾಗ, ಶುಕ್ರವಾರ ಮಧ್ಯಾಹ್ನ ಆಲಿಕಲ್ಲು ಬಿತ್ತು ನೋಡಿ. ಹುಂಜದ ಜುಟ್ಟಿಗೆಂದೇ ಬೆಳೆಸಿದ್ದ ಕೆಂಪು ಹೂವೆಲ್ಲ ಹತ್ತೇ ನಿಮಿಷದಲ್ಲಿ ಚಿಂದಿ ಚಿಂದಿ. ಕೇರಿಯವರು ತಲೆ ಮೇಲೆ ಕೈ ಹೊತ್ತು ಕೂತರು. ಸಿಸ್ಕಾ ಮಾತ್ರ ಗಾಲಿಕುರ್ಚಿ ತಳ್ಳು ಅಂತ ಹ್ಯಾರಿಗೆ ಹೇಳಿ ಆಲಿಕಲ್ಲು ತಪ್ಪಿದ್ದ ಎದುರಾಳಿ ಕೇರಿಗೆ ಸೀದಾ ಹೋದಳು. ಅಲ್ಲಿನ ಯಜಮಾನಿ ಟ್ರೂಸ್, ವರ್ಷ ವರ್ಷ ಗೆದ್ದು ಗೆದ್ದು ಯಾರನ್ನೂ ಮಾತಿಗೇ ಹತ್ತಿರ ಬಿಟ್ಟುಕೊಳ್ಳದ ಹೆಂಗಸು.

"ಕೆಂಪು ಹೂ ಬೇಕಿತ್ತು ಟ್ರೂಸ್," ಅಂದಳು ಸಿಸ್ಕಾ. "ನಿನ್ನನ್ನ ಸೋಲಿಸೋಕೆ."

ಟ್ರೂಸ್ ಅವಳ ಇಳಿದುಹೋದ ಮುಖವನ್ನೇ ನೋಡಿದಳು. "ನಮ್ಗೆ ಬೇಕಾದಷ್ಟು ಕೊಯ್ದಾಯ್ತು. ಮಿಕ್ಕಿದ್ದೆಲ್ಲಾ ನಿಂದೇ ಕಣೇ. ಆದ್ರೆ ನೀನು ಸೋತ್ರೆ ನಾನು ಅಯ್ಯೋ ಅನ್ನಲ್ಲ, ನಗ್ತೀನಿ."

ಸಿಸ್ಕಾಳ ಇಡೀ ಕೇರಿ ಬಂದು ಕೊಯ್ದಿತು. ಸಿಸ್ಕಾ ಕುರ್ಚಿಯಲ್ಲೇ ಕೂತು ಒಂದೊಂದು ಹೂವಿಗೂ ಮೊಳೆ ಚುಚ್ಚಿ ಕೊಟ್ಟಳು, ಹ್ಯಾರಿ ಗೊಣಗುತ್ತಲೇ ಏಣಿ ಹತ್ತಿ ಅವನ್ನು ಜುಟ್ಟಿಗೆ ಬಡಿದ. ಭಾನುವಾರ ಹುಂಜ ಬೀದಿಗಿಳಿದಾಗ ಜನ ಹೋ ಅಂದರು. ಮೊದಲ ಬಹುಮಾನ ಸಿಸ್ಕಾಳ ಕೇರಿಯದ್ದೇ! ಸಿಸ್ಕಾ ಗಂಟಲು ಹರಿಯೋ ಹಾಗೆ ಕೂಗಿದಳು. ಟ್ರೂಸ್ ಮುಖ ಊದಿಸಿಕೊಂಡೇ ಚಪ್ಪಾಳೆ ತಟ್ಟಿದಳು.

ಮಂಗಳವಾರ ಕೆಡವಲು ಎಲ್ಲರೂ ಸೇರಿದರೆ, ಒಬ್ಬರಿಗೂ ಕೈ ಬಾರದು. ಹ್ಯಾರಿಯೇ ಈಗ ಅಡ್ಡ ನಿಂತು, ಇನ್ನೆರಡು ದಿನ ಇರಲಿ ಬಿಡ್ರಪ್ಪಾ ಅಂದ. ಹೇಳಿದ್ದು ಹುಂಜದ ಮಾತಾದರೂ ನೋಡುತ್ತಿದ್ದದ್ದು ಹೆಂಡತಿಯನ್ನೇ.

ಸಿಸ್ಕಾ ಅವನ ಕೈ ಹಿಡಿದಳು. "ಅತ್ಲಾಗೆ ಸರಿಯೋ ಮಾರಾಯ. ಇದು ಇಲ್ಲೇ ನಿಂತ್ಬಿಟ್ರೆ ಮುಂದಿನ ವರ್ಷದ್ದು ಎಲ್ಲಿ ಕಟ್ತಾರೆ?"

ಮೊದಲ ಹಿಡಿ ಹೂವನ್ನು ಅವಳೇ ಕಿತ್ತಳು.