ದನಿ ನಿಂತರೆ ಕೂತುಬಿಡಬೇಕು

ಆಸ್ಪತ್ರೆಗೆ ಫೋನ್ ಮಾಡಿದವರಿಗೆಲ್ಲ ಆಪರೇಟರಮ್ಮನ ದನಿ ಗೊತ್ತು. ಆಕೆಗೆ ಕಣ್ಣು ಕಾಣಿಸುವುದಿಲ್ಲ ಎಂದು ಗೊತ್ತಿದ್ದವರು ಮಾತ್ರ ಕಡಿಮೆ. ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ ಕೂತು, ಅಳುವವರನ್ನು ವಾರ್ಡಿಗೂ ಬೈಯುವವರನ್ನು ಬಿಲ್ಲಿನ ಕೌಂಟರಿಗೂ ಜೋಡಿಸುವುದು ಅವಳ ಕೆಲಸ. ಆ ಕೋಣೆಗೆ ಕಿಟಕಿಯಿಲ್ಲ ಎಂದು ಯಾರಾದರೂ ಮರುಕಪಟ್ಟರೆ, ಇದ್ದಿದ್ದರೂ ಒರೆಸುವ ಕೆಲಸ ತಾನೇ ಎಂದು ನಗುತ್ತಿದ್ದಳು.

ಕಣ್ಣಿಲ್ಲದವರ ಸ್ಕೀ ಗುಂಪು ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಕ್ಕಿದ್ದಕ್ಕೆ ಪೆಚ್ಚಾಗುತ್ತಾರೆ. ಪ್ರತಿ ಚಳಿಗಾಲದಲ್ಲಿ ಆ ಗುಂಪು ಬಸ್ಸು ಹಿಡಿದು ಹಿಮ ಬೀಳುವ ಬೆಟ್ಟದ ಮೇಲಿನ ರೆಸಾರ್ಟಿಗೆ ಹೋಗುತ್ತದೆ. ಏರ್ಪಾಡೆಲ್ಲ ಆಪರೇಟರಮ್ಮನ ತಲೆಯ ಮೇಲೆ. ಮೆಟ್ಟಿಲಿಲ್ಲದ ಕಡೆ ಕೋಣೆ ಬೇಕು, ನಮ್ಮವರು ಹತ್ತುವಾಗ ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟು ನಿಧಾನವಾಗಬೇಕು ಎಂದು ಫೋನಿನಲ್ಲಿ ರೆಸಾರ್ಟಿನವರ ತಲೆ ತಿಂದು, ಅವರು ಸುಸ್ತಾಗಿ ಹೂಂ ಅನ್ನುವವರೆಗೆ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಯಾಕೆಂದರೆ, ಹುಟ್ಟಿದಾಗಿನಿಂದ ಅವಳು ಕೈಯನ್ನೋ ಕೋಲನ್ನೋ ಮುಂದೆ ಚಾಚಿಕೊಂಡೇ ನಡೆದವಳು. ಏನನ್ನೂ ತಡಕಾಡದೆ, ಮೈಬಿಟ್ಟು, ಗಾಳಿ ಕಿವಿಯಲ್ಲಿ ಹೊಯ್ಯೆನ್ನುವಂತೆ ಹೋಗಲು ಅವಳಿಗೆ ಜಗತ್ತಿನಲ್ಲಿ ಇದ್ದದ್ದು ಆ ಒಂದು ಇಳಿಜಾರು. ವರ್ಷವಿಡೀ ಅದಕ್ಕಾಗಿ ಕಾಯುತ್ತಿದ್ದಳು.

ಆದರೆ ಒಬ್ಬರೇ ಇಳಿಯುವಂತಿಲ್ಲ. ಕಣ್ಣಿರುವ ಜೊತೆಗಾರರೊಬ್ಬರು ಹಿಂದೆಯೇ ಬರುತ್ತ, ಎಡ, ಬಲ, ನೇರ ಎಂದು ಬಿಡದೆ ಹೇಳುತ್ತಿರಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿದೆ: ದನಿ ನಿಂತರೆ ಆ ಕ್ಷಣವೇ ಕೂತುಬಿಡಬೇಕು. ಯಾಕೆ ನಿಂತಿತು ಎಂದು ಯೋಚಿಸುತ್ತ ಮುಂದೆ ಹೋದವರು ಮರಕ್ಕೋ ಮನುಷ್ಯನಿಗೋ ಬಡಿದುಕೊಳ್ಳುತ್ತಾರೆ. ಹೊಸಬರಿಗೆ ಈ ನಿಯಮವನ್ನು ಬಾಯಿಪಾಠ ಮಾಡಿಸುತ್ತಿದ್ದವಳೂ ಅವಳೇ.

ಇಷ್ಟು ವರ್ಷ ಅವಳ ಬೆನ್ನಿಗಿದ್ದ ದನಿ ತಂಗಿಯದು. ಈ ಸಲ ಹೊರಡುವುದಕ್ಕೆ ಸ್ವಲ್ಪ ದಿನವಿದೆ ಎನ್ನುವಾಗ ತಂಗಿ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆಪರೇಟರಮ್ಮ ಒಂದು ದಿನವೆಲ್ಲ ಮಂಕಾಗಿದ್ದಳು. ಮರುದಿನ ಬೆಳಗ್ಗೆ ಕಾಫಿ ಲೋಟ ಕೆಳಗಿಡುತ್ತ ಗಂಡ, ತಾನು ಬರುತ್ತೇನೆ ಅಂದ.

ಅವಳಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಗಂಡ ಬೀಗ ರಿಪೇರಿಯವನು; ಸ್ಕೀ ಬರುತ್ತಿತ್ತು, ಆದರೆ ಯಾರಿಗೂ ದಾರಿ ಹೇಳಿದವನಲ್ಲ. ಅಂಗಡಿಯ ಬೀಗಗಳಲ್ಲಿ ಒಂದನ್ನು ಬಾಯಿಗೂ ಹಾಕಿಕೊಂಡಿದ್ದಾನೆ ಎಂದು ನೆಂಟರೆಲ್ಲ ತಮಾಷೆ ಮಾಡುತ್ತಿದ್ದರು. ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಸಾಕು, ಅವನು ಸುಮ್ಮನಾಗಿಬಿಡುತ್ತಿದ್ದ, ಕೆಲವೊಮ್ಮೆ ದಿನಗಟ್ಟಲೆ. ಕಣ್ಣಿದ್ದ ಹೆಂಗಸಾದರೆ ಗಂಡನ ಮುಖ ನೋಡಿ ಏನಾದರೂ ಊಹಿಸಿಕೊಂಡಾಳು. ಇವಳಿಗೆ ಮನೆಯೇ ಖಾಲಿಯಾದ ಹಾಗೆ ಆಗುತ್ತಿತ್ತು. ಮೊದಮೊದಲು ಯಾಕೆ ಕೋಪ ಎಂದು ಕೇಳಿ, ಅತ್ತು, ಬೈದು ನೋಡಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಅವನ ಪಾಡಿಗೆ ಅವನನ್ನು ಬಿಟ್ಟು ಅಡುಗೆ, ಕೆಲಸ, ನಿದ್ದೆ ಎಂದು ಸಾಗಿಸುವುದನ್ನು ಕಲಿತಳು. ಅಂಥವನು ತಾನಾಗಿ ಮಾತು ಕೊಟ್ಟಾಗ ಬೇಡ ಅನ್ನಲು ಅವಳಿಗೆ ಮನಸ್ಸು ಬರಲಿಲ್ಲ.

ಹೊರಡುವ ಮುಂಚೆ ಪ್ರತಿಯೊಂದು ಜೋಡಿಯೂ ಕ್ರೀಡಾಂಗಣದ ಹಿಂದಿನ ಇಳಿಜಾರಿನಲ್ಲಿ ತರಬೇತುದಾರನ ಎದುರು ಇಳಿದು ತೋರಿಸಬೇಕಿತ್ತು. ಅಲ್ಲಿ ಹಿಮವಿಲ್ಲ, ಬ್ರಶ್ಶಿನಂಥ ಪ್ಲಾಸ್ಟಿಕ್ ಹಾಸು ಹೊದಿಸಿದ್ದಾರೆ. ತರಬೇತುದಾರ ದಾಕ್ಷಿಣ್ಯದವನಲ್ಲ, ಜೋಡಿ ಸರಿಹೋಗದಿದ್ದರೆ ಬಸ್ಸಿಗೆ ಹತ್ತಿಸುವುದಿಲ್ಲ ಎಂದು ಮೊದಲೇ ಹೇಳಿದ್ದ.

ಮೊದಲ ಸಲ ಅರ್ಧ ಎತ್ತರದಿಂದ ಇಳಿದರು. ಗಂಡನ ದನಿ ಸಣ್ಣದಾಗಿತ್ತು, ಆದರೂ ಬರುತ್ತಿತ್ತು. ಇಡೀ ವಾರದಲ್ಲಿ ಆಡದಷ್ಟು ಮಾತನ್ನು ಅವನು ಆ ಇಳಿಜಾರಿನಲ್ಲಿ ಆಡಿದ. ಕೆಳಗೆ ನಿಂತಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಈ ಮನುಷ್ಯ ನನ್ನನ್ನು ಬೆಟ್ಟ ಇಳಿಸುತ್ತಾನೆ ಎಂದು ಮನಸ್ಸು ಹಿಗ್ಗಿತು.

ಎರಡನೆಯ ಸಲ ತುದಿಯಿಂದ ಹೊರಟರು. ಎಡ, ಎಡ, ನೇರ. ವೇಗ ಏರಿತು. ನೇರ, ಬಲ ಅಂದವನ ಮಾತು ಅಲ್ಲಿಗೇ ನಿಂತಿತು. ಹಿಂದಿನಿಂದ ಅವನ ಸ್ಕೀ ಹಾಸನ್ನು ಉಜ್ಜುವ ಸದ್ದು ಬರುತ್ತಿತ್ತು, ದನಿ ಇರಲಿಲ್ಲ. ಅವಳು ಕೂರಲಿಲ್ಲ. ಯಾಕೆ ಕೂರಲಿಲ್ಲವೆಂದರೆ ಆ ಕ್ಷಣಕ್ಕೆ ಅವಳಿಗೂ ಗೊತ್ತಿಲ್ಲ; ಮೈ ತನ್ನಷ್ಟಕ್ಕೆ ಮುಂದೆ ಹೋಗುತ್ತಲೇ ಇತ್ತು. ಯಾರೋ ಕೆಳಗಿನಿಂದ ಕಿರುಚಿದರು. ಕಾಲಿಗೆ ಏನೋ ಮೆತ್ತಗಿನದು ತಾಗಿತು, ಅವಳು ಮಗುಚಿಕೊಂಡು ಪಕ್ಕಕ್ಕೆ ಕಟ್ಟಿದ್ದ ಬಲೆಗೆ ಹೋಗಿ ಬಿದ್ದಳು.

ಮುಂದೆ ಇಳಿಯುತ್ತಿದ್ದ ಹುಡುಗಿಯೊಬ್ಬಳು ಜಾರಿ ದಾರಿಗೆ ಅಡ್ಡಲಾಗಿ ಬಿದ್ದಿದ್ದಳು. ಆಪರೇಟರಮ್ಮನ ಸ್ಕೀ ಅವಳ ತಲೆಯ ಪಕ್ಕದಲ್ಲೇ ಹಾದು ಜಾಕೆಟ್ಟಿನ ತೋಳನ್ನು ಹರಿದಿತ್ತು. ಅಷ್ಟಕ್ಕೇ ಮುಗಿದದ್ದು ಪುಣ್ಯ.

ತರಬೇತುದಾರ ಓಡಿ ಬಂದವನು ಗಂಡನನ್ನು ಬಿಟ್ಟು ಅವಳನ್ನೇ ಕೇಳಿದ. "ಅವರು ಹೊಸಬರು, ಬಿಡಿ. ನೀವ್ಯಾಕೆ ಕೂರಲಿಲ್ಲ?"

ಅವಳು ಬಲೆಗೆ ಸಿಕ್ಕಿಕೊಂಡ ಸ್ಕೀಯನ್ನು ಬಿಡಿಸಿಕೊಳ್ಳತೊಡಗಿದಳು. ಸಂಜೆಯೊಳಗೆ ಬೇರೆ ಜೊತೆಗಾರರನ್ನು ಹೇಳಿ, ಇಲ್ಲವಾದರೆ ಈ ವರ್ಷ ನೀವು ಮನೆಯಲ್ಲಿರಿ ಎಂದು ಅವನು ಹೊರಟುಹೋದ. ಗುಂಪಿನ ಹಳೆಯ ಜೊತೆಗಾರ್ತಿ, ಮೀನಂಗಡಿ ಅಕ್ಕ, ಬರಲು ಸಿದ್ಧಳಾಗಿದ್ದಳು. ಕಣ್ಣಿಲ್ಲದ ತನ್ನ ಅಣ್ಣನಿಗೆ ದನಿಯಾಗಿದ್ದ ಆಕೆಗೆ, ಅವನು ಮಂಡಿನೋವಿಗೆ ಸ್ಕೀ ಬಿಟ್ಟಮೇಲೆ ಜೋಡಿ ಇರಲಿಲ್ಲ. ಸಂತೆಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ನಿಲ್ಲುವ ಪ್ರಶ್ನೆಯೇ ಇಲ್ಲ. ಹೇಳುವುದು ಒಂದು ಮಾತು, ಆದರೆ ಅದನ್ನು ಗಂಡನ ಎದುರು ಹೇಳಬೇಕು. ಹೇಳಿದರೆ ಅವನು ಇನ್ನು ಬಾಯಿ ತೆರೆಯುವುದೇ ಇಲ್ಲವೇನೋ ಎಂದು ಅವಳು ಹಿಂಜರಿದಳು.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಒದ್ದೆ ರಬ್ಬರಿನ ವಾಸನೆ, ಪಕ್ಕದಲ್ಲಿ ಅವನ ಉಸಿರು. ತರಬೇತುದಾರನ ಪ್ರಶ್ನೆಗೆ ಅವಳಿಗೆ ಆಗಲೇ ಉತ್ತರ ಹೊಳೆದಿತ್ತು.

"ಬೇರೆ ಯಾರು ಸುಮ್ಮನಾಗಿದ್ರೂ ನಾನು ಕೂತುಬಿಡ್ತಿದ್ದೆ ರೀ," ಅಂದಳು. "ನೀವು ಸುಮ್ಮನಾದ್ರೆ ನನ್ನ ಪಾಡಿಗೆ ನಾನು ಹೋಗ್ತಾ ಇರೋದೇ ಅಭ್ಯಾಸ ಆಗಿಬಿಟ್ಟಿದೆ."

ಎದ್ದು ಹೋಗುತ್ತಾನೆಂದು ಅವಳು ಕಾದಳು. ಎದ್ದ, ಆದರೆ ಅವಳ ಮುಂದೆ ಮಂಡಿಯೂರಿ ಬೂಟಿನ ಕೊಂಡಿ ಬಿಚ್ಚತೊಡಗಿದ. ಬೀಗದ ಹಲ್ಲುಗಳನ್ನು ಕತ್ತಲೆಯಲ್ಲೂ ಎಣಿಸಬಲ್ಲ ಆ ಬೆರಳುಗಳು ಒಂದು ಕೊಂಡಿಗೆ ಒದ್ದಾಡುತ್ತಿದ್ದವು.

"ಆ ಹುಡುಗಿ ಬಿದ್ದಿದ್ದು ಕಂಡಿತು. ನಿಲ್ಲು ಅನ್ನಬೇಕು ಅಂತ ಗೊತ್ತಿತ್ತು," ಅಂದ. "ಹೆದರಿಕೆಯಾದ್ರೆ ನನಗೆ ಮಾತು ಹೊರಡಲ್ಲ."

"ಇವತ್ತಾ?"

"ಯಾವತ್ತೂ."

ಅವಳಿಗೆ ಒಂದೊಂದಾಗಿ ನೆನಪಾಯಿತು. ಅವಳ ಅಮ್ಮನಿಗೆ ಆಪರೇಷನ್ನಾದ ವಾರ, ಅಂಗಡಿ ಖಾಲಿ ಮಾಡಿ ಎಂದು ಕಟ್ಟಡದ ಮಾಲೀಕ ಹೇಳಿದಾಗ, ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ತಿಳಿಸಿದ ಆ ತಿಂಗಳು, ಇವನು ಬಾಯಿಗೆ ಬೀಗ ಹಾಕಿ ಕೂತಿದ್ದ. ಎಲ್ಲವನ್ನೂ ಅವಳು ಕೋಪವೆಂದುಕೊಂಡಿದ್ದಳು. ತನ್ನ ಮೇಲಿನ ಕೋಪವೆಂದು. ಹೆದರಿದವನನ್ನು ಒಬ್ಬನನ್ನೇ ಬಿಟ್ಟು ತಾನು ಹೋಗುತ್ತಲೇ ಇದ್ದೆನಲ್ಲ ಎಂದು ಅವಳಿಗೆ ನೋವಾಯಿತು. ಇದನ್ನು ಒಂದು ಸಲ, ಒಂದೇ ಸಲ ಹೇಳಿದ್ದರೆ ಏನಾಗುತ್ತಿತ್ತು ಎಂದು ಸಿಟ್ಟೂ ಬಂತು.

ಆದರೂ ಬಾಗಿಲಲ್ಲಿ ತರಬೇತುದಾರನ ಹೆಜ್ಜೆ ಕೇಳಿದಾಗ ಅವಳು ತಡವರಿಸಲಿಲ್ಲ. ಮೀನಂಗಡಿ ಅಕ್ಕನ ಜೊತೆ ಇಳಿಯುತ್ತೇನೆ ಎಂದಳು. ಬೆಟ್ಟಕ್ಕೆ ಅನುಕಂಪ ಇರುವುದಿಲ್ಲ. ತರಬೇತುದಾರ ಸರಿ ಎಂದು ಹೋದ. ಬೂಟಿನ ಮೇಲಿದ್ದ ಗಂಡನ ಕೈ ಹಾಗೇ ನಿಂತುಬಿಟ್ಟಿತು.

ಕೊನೆಯ ಕೊಂಡಿ ಬಿಚ್ಚಿ ಅವನು, "ನಾನೂ ಬರ್ತೀನಿ. ಕೆಳಗೆ, ಇಳಿಜಾರು ಮುಗಿಯೋ ಕಡೆ ನಿಂತಿರ್ತೀನಿ," ಅಂದ.

"ನೀವು ಅಲ್ಲಿದೀರ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಮತ್ತೆ ಮಾತು ನಿಂತಿತು. ಎಂದಿನಂತೆ ಬ್ಯಾಗು ಎತ್ತಿಕೊಂಡು ಹೊರಡಲು ಅವಳ ಕೈ ಆಗಲೇ ಮುಂದಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಅವಳು ಕೂತೇ ಇದ್ದಳು. ಹೊರಗೆ ಯಾರದೋ ಸ್ಕೀ ಉಜ್ಜಿಕೊಂಡು ಇಳಿದು ಹೋಯಿತು, ಇನ್ನೊಂದು ಹೋಯಿತು.

"ಹೆಸರು ಹಿಡಿದು ಕೂಗ್ತೀನಿ," ಅಂದ ಅವನು.

"ಜೋರಾಗಿ ಕೂಗಬೇಕು," ಅಂದಳು. "ಅಲ್ಲಿ ಗಾಳಿ ಜಾಸ್ತಿ."