ಮೇಷ್ಟ್ರ ಮೂರನೇ ಸೆಟ್ಟು

ಹಲ್ಲಕ್ಕನಿಗೆ ಮಾತು ಕಡಿಮೆ. ಹುಟ್ಟಿನಿಂದ ಬಂದ ಗುಣವೇನಲ್ಲ ಅದು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲು ಕಟ್ಟಿಕೊಡುತ್ತ ಕೊಡುತ್ತ ಹಾಗಾದದ್ದು. ಮೇಣ ಕೊರೆಯುವಾಗ ಬಾಯಿ ಬಿಟ್ಟರೆ ಕೈ ಅಲುಗುತ್ತದೆ, ಕೈ ಅಲುಗಿದರೆ ಯಾರದೋ ಕೋರೆಹಲ್ಲು ಸೊಟ್ಟಗಾಗುತ್ತದೆ. ಹೀಗಾಗಿ ಅವಳು ಒಂದೇ ಪದದಲ್ಲಿ ದಿನ ದೂಡುವುದನ್ನು ಕಲಿತಿದ್ದಳು. ಅಚ್ಚಿನ ಪ್ಲಾಸ್ಟರ್ ಗಟ್ಟಿಯಾದರೆ 'ಸೆಟ್ ಆಯ್ತು'. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಸೇರಿದರೆ 'ಫುಲ್ ಸೆಟ್ಟು'. ಹೊಸದಾಗಿ ಬಂದ ನರ್ಸಮ್ಮ ಮೂರೇ ದಿನಕ್ಕೆ ಕೆಲಸ ಬಿಟ್ಟು ಹೋದಾಗ ಡಾಕ್ಟರು ಕಾರಣ ಕೇಳಿದರೆ, ಹಲ್ಲಕ್ಕ ತಲೆ ಎತ್ತದೆ ಹೇಳಿದ್ದು 'ಸೆಟ್ ಆಗ್ಲಿಲ್ಲ' ಅಂತ. ಡಾಕ್ಟರಿಗೂ ಅಷ್ಟು ಸಾಕಾಯಿತು.

ಅವಳು ಇದ್ದದ್ದು ಅಣ್ಣ ಅತ್ತಿಗೆಯ ಜೊತೆ. ಅಣ್ಣನಿಗೆ ಬೀಗ ರಿಪೇರಿ ಕೆಲಸ. ಅತ್ತಿಗೆಗೆ, ಹಲ್ಲಕ್ಕನಿಗೊಂದು ಗಂಡು ಹುಡುಕುವ ಕೆಲಸ. ಹಲ್ಲಕ್ಕನಿಗೆ ನಲವತ್ತಮೂರಾದರೂ ಅತ್ತಿಗೆ ಕೈಚೆಲ್ಲಿರಲಿಲ್ಲ. ಹಲ್ಲಕ್ಕನಿಗೆ ಮದುವೆಯ ಮೇಲೆ ಸಿಟ್ಟೇನೂ ಇರಲಿಲ್ಲ, ಆಸೆಯೂ ಇರಲಿಲ್ಲ. ಬಂದ ಗಂಡುಗಳನ್ನು ನೋಡಿ ಅವಳಿಗೆ ನೆನಪಿನಲ್ಲಿ ಉಳಿಯುತ್ತಿದ್ದದ್ದು ಅವರ ಹಲ್ಲು ಮಾತ್ರ.

ಹೀಗಿರುವಾಗ ಒಂದು ಸೋಮವಾರ ಕ್ಲಿನಿಕ್ಕಿಗೆ ಮೇಷ್ಟ್ರು ಬಂದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಎಪ್ಪತ್ತು ದಾಟಿದವರು. ಕಂಕುಳಲ್ಲಿ ದಪ್ಪನೆಯ ನೋಟ್‌ಬುಕ್ಕು, ಬಾಯಲ್ಲಿ ಹೆಸರಿಗೂ ಒಂದು ಹಲ್ಲಿಲ್ಲ.

"ಅಮ್ಮಾ, ನನಗೊಂದು ಥೆಟ್ಟು ಬೇಕು," ಅಂದರು.

"ಏನು ಬೇಕು?"

"ಥೆಟ್ಟು! ಭಾನುವಾರ ಥಂಜೆ ಲೈಬ್ರರೀಲಿ ನನ್ನ ಭಾಷಣ. ವಿಷಯವೂ ಅದೇ ಪದ. ಮೂರೇ ಅಕ್ಷರ, ನೂರಾ ಇಪ್ಪತ್ತಾರು ಅರ್ಥ ಥಂಗ್ರಹ ಮಾಡಿದ್ದೀನಿ. ಥೂರ್ಯ ಮುಳುಗಿದ್ರೂ ಥೆಟ್ಟೇ, ಥಂದಿಗೊಂದಿಯ ಟೀವಿಯೂ ಥೆಟ್ಟೇ. ಆದ್ರೆ ಪದ ಮಾತ್ರ ನನ್ನ ಬಾಯಲ್ಲಿ ಹೊರಳ್ತಿಲ್ಲ."

ಹಲ್ಲಕ್ಕ ನಗು ತಡೆಯಲು ಪ್ಲಾಸ್ಟರಿನ ಡಬ್ಬದೊಳಗೆ ಇಣುಕಿ ನೋಡುವಂತೆ ನಟಿಸಿದಳು. ಆದರೂ ಅವಳಿಗೆ ಮೇಷ್ಟ್ರು ಹಿಡಿಸಿದರು. ಅಚ್ಚು ತೆಗೆಯುವಾಗ ಅವಳೇ ಬಾಯಿಬಿಟ್ಟು, "ಹುಡುಗ ಹುಡುಗಿ ಪ್ರೀತಿ ಮಾಡಿದ್ರೆ 'ಸೆಟ್ ಆದ್ರು' ಅಂತಾರಲ್ಲ, ಅದು ಬರ್ಕೊಂಡಿದ್ದೀರಾ?" ಎಂದು ಕೇಳಿದಳು. ಮೇಷ್ಟ್ರು ಬಾಯಿ ತುಂಬ ಅಂಟು ಇಟ್ಟುಕೊಂಡೇ ನೋಟ್‌ಬುಕ್ಕಿಗೆ ಕೈ ಚಾಚಿದರು. ನೂರಾ ಇಪ್ಪತ್ತೇಳು.

ಹದಿನೈದು ದಿನದ ಕೆಲಸವನ್ನು ಹಲ್ಲಕ್ಕ ಮೂರೇ ದಿನದಲ್ಲಿ ಮುಗಿಸಿದಳು. ಶುಕ್ರವಾರ ಹಲ್ಲು ಮೇಷ್ಟ್ರ ಬಾಯಿಗೆ ಏರಿತು. ಶನಿವಾರ ಬೆಳಗ್ಗೆ ಅವರು, ಹಲ್ಲು ಬಿಗಿ ಎಂದು ಗಾಬರಿಯಿಂದ ಮನೆಗೇ ಫೋನು ಮಾಡಿದರು. ಅತ್ತಿಗೆ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಇಷ್ಟು:

"ಹೆದರ್ಬೇಡಿ ಮೇಷ್ಟ್ರೇ. ಶುರುನಲ್ಲಿ ಎಲ್ಲರಿಗೂ ಹಾಗೇ ಆಗೋದು. ಎರಡು ದಿನ ಜೊತೇಲಿದ್ರೆ ಸೆಟ್ ಆಗುತ್ತೆ. ನಾಳೆ ಎಲ್ಲರ ಮುಂದೆ ಬಾಯ್ತುಂಬ ನಗಿ. ನಾನು ಹತ್ತಿರದಲ್ಲೇ ಇರ್ತೀನಲ್ಲ!"

ಅತ್ತಿಗೆಯ ಕೈಯಿಂದ ದಿಂಬಿನ ಚೀಲ ಜಾರಿತು. "ಏನೇ, ಸೆಟ್ ಆಯ್ತಾ?"

"ಆದ ಹಾಗೇ ಅತ್ತಿಗೆ. ನಾಳೆ ಲೈಬ್ರರೀಲಿ ಎಲ್ರೂ ನೋಡ್ತಾರೆ," ಎಂದು ಹಲ್ಲಕ್ಕ ಸ್ನಾನಕ್ಕೆ ಹೋದಳು.

ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತಿಗೆ ಬೀಗದ ಅಂಗಡಿಗೆ ಓಡಿ ಅಣ್ಣನ ಕಿವಿ ಕಚ್ಚಿಯಾಗಿತ್ತು. ಹುಡುಗಿ ತಾನೇ ಒಬ್ಬನನ್ನು ಒಪ್ಪಿದ್ದಾಳೆ, ಮೇಷ್ಟ್ರಂತೆ, ನಾಳೆ ಜನರ ಮುಂದೆ ಹೇಳುತ್ತಾರಂತೆ.

ಭಾನುವಾರ ಸಂಜೆ ಹಲ್ಲಕ್ಕ ಚೀಲದಲ್ಲಿ ಅರ, ಚಿಮಟ ಇಟ್ಟುಕೊಂಡು ಲೈಬ್ರರಿಯ ಹಾಲಿಗೆ ಹೋದಳು. ಹೊಸ ಹಲ್ಲು ವಸಡಿಗೆ ಒತ್ತಿದರೆ ಅಲ್ಲೇ ಸರಿಮಾಡಿಕೊಡುವ ಯೋಚನೆ. ಹೋಗಿ ನೋಡಿದರೆ, ಮದುವೆಮನೆಗೆ ಹೊರಟವಳಂತೆ ಸಿಂಗರಿಸಿಕೊಂಡ ಅತ್ತಿಗೆ ಮುಂದಿನ ಸಾಲಿನಲ್ಲಿ ಕಲ್ಲಾಗಿ ಕೂತಿದ್ದಳು. ಇಸ್ತ್ರಿ ಮಾಡಿದ ಶರಟು ತೊಟ್ಟ ಅಣ್ಣ ಆಗಲೇ ಮೇಷ್ಟ್ರನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು ಹೋಗಿದ್ದ. ಹಲ್ಲಕ್ಕ ಪುಸ್ತಕದ ಕಪಾಟಿನ ಹಿಂದೆ ನಿಂತಳು.

"ನಾನು ಅವಳ ಅಣ್ಣ," ಅಂದ ಅಣ್ಣ, ಮೇಷ್ಟ್ರ ನರೆಗೂದಲನ್ನೇ ನೋಡುತ್ತ. "ನಿಮಗೆ ಪೂರ್ತಿ ಒಪ್ಪಿಗೆ ತಾನೆ?"

"ಓಹೋ! ನಿಮ್ಮ ತಂಗಿ ಬಂಗಾರದಂಥವರು ಕಣ್ರೀ," ಅಂದರು ಮೇಷ್ಟ್ರು. ಸ ಈಗ ಸ್ಪಷ್ಟವಾಗಿತ್ತು. "ಮೊದಮೊದಲು ಸ್ವಲ್ಪ ಬಿಗಿ ಅನ್ನಿಸ್ತು. ಈಗ ಸಲೀಸು."

"ಇದಕ್ಕೆ ಮೊದಲು ಯಾವುದಾದ್ರೂ..."

"ಎರಡು ಆಗಿತ್ತು. ಒಂದನ್ನ ಬಸ್ಸಲ್ಲಿ ಮರೆತು ಬಂದೆ. ಇನ್ನೊಂದನ್ನ ನಾಯಿ ಎತ್ಕೊಂಡು ಹೋಯ್ತು."

ಅಣ್ಣ ಕಿಟಕಿಯ ಸರಳು ಹಿಡಿದುಕೊಂಡ. ಹಲ್ಲಕ್ಕನಿಗೆ ಬೆರಗು. ಅಣ್ಣನಿಗೆ ಪರರ ಹಲ್ಲಿನ ಮೇಲೆ ಇಷ್ಟೊಂದು ಕಾಳಜಿ ಎಂದಿನಿಂದ?

"ಈ ಸಲವಾದ್ರೂ ಚೆನ್ನಾಗಿ ನೋಡ್ಕೊಳ್ತೀರಾ?" ಎಂದ ಅಣ್ಣ.

"ನೋಡ್ಕೊಳ್ದೆ ಏನ್ರೀ! ಬೆಳಗ್ಗೆ ಎದ್ದು ಬ್ರಷ್ಷಲ್ಲಿ ಉಜ್ಜಿ ತೊಳೀತೀನಿ. ಮಲಗೋ ಮುಂಚೆ ನೀರಲ್ಲಿ ಮುಳುಗಿಸಿ ಮುಚ್ಚಳ ಹಾಕ್ತೀನಿ. ಒಂದು ತಿಂಗಳು ನೋಡೋದು, ಆಗ್ಲಿಲ್ಲ ಅಂದ್ರೆ ವಾಪಸ್ ಕೊಡೋದು. ಅವರೇ ಹೇಳಿದ್ದಾರೆ."

"ನನ್ನ ತಂಗೀನ ನೀರಲ್ಲಿ ಮುಳುಗಿಸ್ತೀಯಾ ಮುದುಕಾ!" ಎಂದು ಅಣ್ಣ ಮೇಷ್ಟ್ರ ಕಾಲರಿಗೆ ಕೈ ಹಾಕಿದ. ಹಾಲಿನಲ್ಲಿದ್ದ ಹತ್ತೊಂಬತ್ತು ಜನರೂ ಎದ್ದು ನಿಂತರು.

ಹಲ್ಲಕ್ಕನ ತಲೆಯಲ್ಲಿ ಆಗ ದೀಪ ಹತ್ತಿತು. ಕಪಾಟಿನ ಹಿಂದಿನಿಂದ ಹಾರಿ ಬಂದು, "ಅಣ್ಣಾ, ಹಲ್ಲು! ಹಲ್ಲು ಕಣೋ!" ಎಂದು ಕಿರುಚಿದಳು. ಎರಡು ವರ್ಷದ ಮಾತನ್ನು ಒಂದೇ ಉಸಿರಿಗೆ ಖರ್ಚು ಮಾಡಿದ ಹಾಗಿತ್ತು ಅದು. ಅಣ್ಣನಿಗೆ ಅರ್ಥವಾಗದ್ದು ಕಂಡು ಮೇಷ್ಟ್ರು ಬಾಯಿಗೆ ಕೈ ಹಾಕಿ ಮೇಲಿನ ಸಾಲನ್ನು ಕಿತ್ತು ಅವನ ಮೂಗಿನ ಮುಂದೆ ಹಿಡಿದರು. "ಇದು ಕಣಪ್ಪಾ ಥೆಟ್ಟು!"

ಅಣ್ಣ ಹಲ್ಲನ್ನು ನೋಡಿದ, ತಂಗಿಯನ್ನು ನೋಡಿದ, ಕಾಲರಿನಿಂದ ಕೈ ತೆಗೆದು ಅದರ ಸುಕ್ಕು ನೇವರಿಸಿದ. ಮೊದಲು ನಕ್ಕದ್ದು ಮೇಷ್ಟ್ರು, ಬೊಚ್ಚುಬಾಯಲ್ಲೇ. ಆಮೇಲೆ ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಆ ದಿನ ಭಾಷಣ ಎರಡು ತಾಸು ನಡೆಯಿತು, ಯಾರೂ ಆಕಳಿಸಲಿಲ್ಲ. ಸಭಿಕರೆಲ್ಲ ಕೂತಲ್ಲಿಂದಲೇ ತಮ್ಮ ತಮ್ಮ ಕಸುಬಿನ ಸೆಟ್ಟುಗಳನ್ನು ಕೂಗಿ ಹೇಳಿದರು. ಪಾಪಪ್ರಜ್ಞೆಯಿಂದ ಅಣ್ಣನೊಬ್ಬನೇ ನಾಲ್ಕು ಕೊಟ್ಟ.

ನಗದಿದ್ದವಳು ಅತ್ತಿಗೆ ಮಾತ್ರ. ಮನೆಗೆ ನಡೆದು ಬರುವಾಗ ಅವಳು ಹಿಂದುಳಿದದ್ದು ಕಂಡು ಹಲ್ಲಕ್ಕ ನಿಂತಳು. ಅತ್ತಿಗೆಯ ಕಣ್ಣು ತೇವವಾಗಿತ್ತು.

"ಬಂದು ಆ ಮುದುಕನ್ನ ನೋಡಿ ಎದೆ ಒಡೆದುಹೋಯ್ತು. ಆದ್ರೂ ನಿನಗಿಷ್ಟ ಇದ್ರೆ ಇರ್ಲಿ ಅಂತ ಗಟ್ಟಿ ಮನಸ್ಸು ಮಾಡಿ ಕೂತಿದ್ದೆ ಕಣೇ."

ಹಲ್ಲಕ್ಕ ಅವಳ ಕೈ ಹಿಡಿದುಕೊಂಡಳು. "ಅತ್ತಿಗೆ, ನಾನು ಒಬ್ಬಳೇ ಇದ್ದೀನಿ ಅಂತ ನಿಮಗೆ ಯಾಕೆ ಅನ್ಸುತ್ತೆ? ಮನೇಲಿ ಮೂರು ಜನ ಇದ್ದೀವಲ್ಲ."

ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಂದೆ ನಡೆದಳು. ಆಮೇಲೆ, "ಆ ಮೇಷ್ಟ್ರಿಗೆ ತಮ್ಮಂದಿರು ಯಾರೂ ಇಲ್ವಾ?" ಎಂದಳು.

ಹಲ್ಲಕ್ಕ ಬೀದಿಯ ನಡುವೆ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಣ್ಣ ಬೀಗ ತೆಗೆದು ಬಾಗಿಲಲ್ಲೇ ಕಾಯುತ್ತಿದ್ದ.