ಬೇಯಿಸಿಯೂ ತೂಗಬೇಕಂತೆ

ನಮ್ಮ ಮನೆಯ ಊಟ ತೂಗಲು ಮೈಸೂರಿನಿಂದ ಒಬ್ಬರು ಬರುತ್ತಾರೆ ಎಂದಾಗ ನನಗೆ ನಗು ಬಂದಿತ್ತು. ತೂಗುವುದಕ್ಕೆ ಅಲ್ಲಿ ಏನಿತ್ತು? ಅರವತ್ತರ ದಶಕದ ಮಾತು. ಕಾಮಗೆರೆಯಿಂದ ಒಂದಿಷ್ಟು ದೂರ ನಡೆದರೆ ನಮ್ಮೂರು. ಗಂಡ ಹನೂರಿನಲ್ಲಿ ಮೂಟೆ ಹೊರುತ್ತಿದ್ದ. ಮನೆಯಲ್ಲಿ ನಾನು, ಅತ್ತೆ, ಮೂರು ವರ್ಷ ತುಂಬಿದರೂ ಗೋಡೆ ಹಿಡಿದೇ ನಡೆಯುತ್ತಿದ್ದ ನನ್ನ ಮಗ.

ಬಡವರು ದಿನಾ ಏನು ತಿನ್ನುತ್ತಾರೆಂದು ಮೈಸೂರಿನ ಕಾಲೇಜಿನವರು ಬರೆದುಕೊಳ್ಳುತ್ತಾರಂತೆ, ಹೊಟ್ಟೆ ತುಂಬದ ಮಕ್ಕಳಿಗೆ ಹಾಲಿನ ಪುಡಿ ಕೊಡಿಸುತ್ತಾರಂತೆ. ಇದು ಗೊತ್ತಿದ್ದೂ ಅತ್ತೆ ಬೆಳಿಗ್ಗೆಯೇ ಎದುರು ಮನೆಯಿಂದ ಸೆರಗಿನಲ್ಲಿ ಅಕ್ಕಿ ತಂದರು.

"ಬರೀ ರಾಗಿಹಿಟ್ಟು ತೂಗ್ಸಿ ಮಾನ ಕಳ್ಕಬೇಕಾ? ಅವ್ರು ಅತ್ಲಾಗ್ ಓಗ್ತಿದ್ದಂಗೆ ವಾಪಸ್ ಕೊಟ್ಬುಟ್ರಾಯ್ತು ಕಣವ್ವ."

ನಾನೂ ಬೇಡವೆನ್ನಲಿಲ್ಲ.

ಬಂದಾಕೆ ನನ್ನ ವಯಸ್ಸಿನವರೇ. ಅಕ್ಕಿ ತೂಗಿ ಬರೆದುಕೊಂಡರು, ಆದರೆ ಏಳಲಿಲ್ಲ. "ಬೇಯಿಸಿದ ಮೇಲೂ ತೂಗಬೇಕಮ್ಮ," ಎಂದು ಹೊಸ್ತಿಲ ಪಕ್ಕ ಕೂತೇಬಿಟ್ಟರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಎಸರಿಡದೆ ವಿಧಿಯಿರಲಿಲ್ಲ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮನೆಯಲ್ಲಿ ಅನ್ನವಾಯಿತು. ಮಗ ಎರಡು ಕೈಯಲ್ಲೂ ತಿಂದ. "ಚೆನ್ನಾಗಿ ಊಟ ಮಾಡ್ತಾನೆ. ನಾಳೆನೂ ಬರ್ತೀನಿ," ಎಂದು ಆಕೆ ಖುಷಿಯಿಂದ ಹೊರಟರು.

ಮರುದಿನ ಎದುರು ಮನೆಯಲ್ಲಿ ಅಕ್ಕಿ ಹುಟ್ಟಲಿಲ್ಲ. ಅವರಾದರೂ ಎಷ್ಟೆಂದು ಕೊಟ್ಟಾರು? "ನಮ್ದು ಉಂಡಾಯ್ತು ಅಂದ್ಬುಡು," ಎಂದು ಅತ್ತೆ ಹೇಳಿಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಮಗ ಗೋಡೆ ಹಿಡಿದು ಬಾಗಿಲಿಗೆ ಹೋಗಿ ಆಕೆಯ ಸೀರೆ ಹಿಡಿದ.

"ಅಮ್ಮಾರೇ, ಇವತ್ತೂ ಅನ್ನ ಮಾಡುಸ್ತೀರಾ?"

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆಕೆ ತಕ್ಕಡಿಯನ್ನು ಚೀಲದಿಂದ ತೆಗೆಯಲೂ ಇಲ್ಲ, ತಲೆ ತಗ್ಗಿಸಿ ನಿಂತರು. ನಮ್ಮ ಮನೆಯ ಹೊಟ್ಟೆಗೆ ಇವರು ನಾಚುವುದೇನು ಎಂದು ಸಿಟ್ಟೇ ಬಂತು. ಒಳಗಿನಿಂದ ಹಿಟ್ಟಿನ ಮಡಕೆಯನ್ನೇ ತಂದು ಮುಂದಿಟ್ಟೆ.

"ದಿನಾ ಇದೇಯ ಕಣಮ್ಮಾರೇ. ತೂಗಿ."

ಅತ್ತೆ ಗೋಡೆಯ ಕಡೆ ತಿರುಗಿ ಕೂತರು.

ಕೆಲವು ತಿಂಗಳಾದ ಮೇಲೆ ಹಾಲಿನ ಪುಡಿ ಬಂತು. ಅತ್ತೆಯೇ ನೀರು ಕಾಯಿಸಿ ಕಲಸಿದರು, ಲೋಟ ನನ್ನ ಕೈಗಿಟ್ಟರು. "ಬಾಗ್ಲಾಕ್ಕಂಡು ಕುಡ್ಸವ್ವ, ಯಾರಾರ ಕಂಡ್ರೆ ಮಾನ ಓಯ್ತದೆ," ಎಂದರು. ದಿನಾ ಹಾಗೆಯೇ ಕುಡಿಸಿದೆ.

ಒಂದು ದಿನ ಲೋಟ ನೋಡಿದ ಮಗ ಗೋಡೆ ಬಿಟ್ಟು ನನ್ನ ಕಡೆಗೆ ನಡೆದು ಬಂದ. ಬೀದಿಗೆಲ್ಲ ಕೇಳುವಂತೆ ಕೂಗಿ ಎಲ್ಲರನ್ನೂ ಕರೆಯಬೇಕು ಅನ್ನಿಸಿತು. ಲೋಟ ಕೈಯಲ್ಲಿತ್ತು, ಬಾಗಿಲು ಹಾಕಿತ್ತು. ಕರೆಯಲಿಲ್ಲ.